ಅತ್ತೆಯ ಮೀಸೆಯೂ ಆಸ್ಪತ್ರೆಯ ಅಂಕಿಯೂ

"ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆಗದ ಹೋಗದ ಮಾತನ್ನಾಡುವವರ ಬಾಯಿ ಮುಚ್ಚಿಸಲು ನಮ್ಮ ಹಿರಿಯರು ಇದನ್ನು ಬಳಸುತ್ತ ಬಂದಿದ್ದಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹೇಳುವುದುಂಟು. ಆದರೆ ಈ ಒಂದು ಗಾದೆಯ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಅತ್ತೆಗೆ ಮೀಸೆ ಬರುತ್ತದೆ. ಸೊಸೆಗೂ ಬರುತ್ತದೆ, ಹದಿನೆಂಟರ ಹುಡುಗಿಗೂ ಬರುತ್ತದೆ. ಹೆರುವ ವಯಸ್ಸಿನ 100 ಮಂದಿ ಹೆಂಗಸರಲ್ಲಿ 5ರಿಂದ 10 ಮಂದಿಗೆ ಗಂಡಸರಿಗೆ ಬೆಳೆಯುವ ಜಾಗಗಳಲ್ಲಿ, ಎಂದರೆ ಮೇಲ್ದುಟಿ, ಗಲ್ಲ, ಎದೆ, ಹೊಟ್ಟೆ, ಬೆನ್ನುಗಳಲ್ಲಿ ಒರಟು ಕೂದಲು ಬೆಳೆಯುತ್ತದೆಂಬುದು ವೈದ್ಯಶಾಸ್ತ್ರದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಹಾಗೆ ಬಂದಮಾತ್ರಕ್ಕೆ ಅತ್ತೆ ಚಿಕ್ಕಪ್ಪನೂ ಆಗುವುದಿಲ್ಲ. ಆಕೆ ಅತ್ತೆಯೇ, ಪರೀಕ್ಷೆ ಮಾಡಿಸಿಕೊಳ್ಳಬೇಕಾದ ಅತ್ತೆ, ಅಷ್ಟೆ.

ಇಂಥ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರು ಕೇಳಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳ ನಡುವೆ ಹೆಂಗಸರ ಮುಖದ ಕೂದಲಿನ ಮಾತೇಕೆ? ಈ ಸಂಚಿಕೆಯನ್ನು ಓದುವವರಲ್ಲಿ ಅರ್ಧದಷ್ಟು ಮಂದಿ ಹೆಣ್ಣುಮಕ್ಕಳು. ಅವರಲ್ಲಿ ಹಲವರು ಈ ಸಂಕಟವನ್ನು ಸೆರಗಿನ ಮರೆಯಲ್ಲಿಟ್ಟುಕೊಂಡೇ ತರಗತಿಗೆ ಬರುತ್ತಾರೆಂಬುದು ನಮ್ಮ ಲೇಡೀಸ್ ರೂಮಿನ ಗೋಡೆಗಳಿಗೆ ಗೊತ್ತು. ಅದಲ್ಲದೆ ನಾನಿಲ್ಲಿ ಹೇಳಹೊರಟಿರುವುದು ಸೌಂದರ್ಯದ ಮಾತಲ್ಲ, ಬರವಣಿಗೆಯ ಮಾತು. ಆಸ್ಪತ್ರೆಯ ಚೀಟಿಯ ಮೇಲೆ ವೈದ್ಯರು ಬರೆಯುವ ಒಂದು ಶಬ್ದ, ಆ ಶಬ್ದದ ಎದುರಿಗೆ ಗುಮಾಸ್ತರು ಹಾಕುವ ಒಂದು ಅಂಕಿ, ಇವೆರಡೂ ಸೇರಿ ಒಬ್ಬ ಹೆಂಗಸಿನ ಆರೋಗ್ಯವನ್ನು ಹೇಗೆ ನಿರ್ಣಯಿಸುತ್ತವೆಂಬುದೇ ಈ ಲೇಖನದ ವಸ್ತು. ಶಬ್ದಾರ್ಥದ ವಿಚಾರ ಕಲಾ ವಿಭಾಗದವರಿಗೆ ಹೊರಗಿನದಲ್ಲವಷ್ಟೆ.

ಮೊದಲು ಅಂಕಿಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ಜನರು ಯಾವ ಯಾವ ಕಾರಣದಿಂದ ಸಾಯುತ್ತಾರೆಂಬುದನ್ನು ಎಣಿಸಿ ಅರ್ಥ ಮಾಡಿಕೊಳ್ಳಲು ಹೊರಟ ಮೊದಲಿಗರಲ್ಲಿ ಲಂಡನ್ನಿನ ಜಾನ್ ಗ್ರಾಂಟ್ ಒಬ್ಬ; ಅವನ ಪುಸ್ತಕ ಹೊರಬಂದದ್ದು 1662ರಲ್ಲಿ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಎಂಬವನು ಸಾವಿನ ಕಾರಣಗಳ ಪಟ್ಟಿಯೊಂದನ್ನು ಷಿಕಾಗೋ ನಗರದ ಸಭೆಯಲ್ಲಿ ಮಂಡಿಸಿದನು. ದೇಶ ದೇಶಗಳು ಅದನ್ನು ಸ್ವೀಕರಿಸಿದವು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸವನ್ನು ವಹಿಸಿಕೊಂಡಾಗ ಪಟ್ಟಿಯ ಆರನೆಯ ಪರಿಷ್ಕರಣ ಸಿದ್ಧವಾಯಿತು. ಸಾವಿನ ಕಾರಣಗಳ ಜೊತೆಗೆ ಬದುಕಿರುವವರ ಕಾಯಿಲೆಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಇದೇ ಇಂದು ಐಸಿಡಿ ಎಂದು ಹೆಸರಾದ ಅಂತರರಾಷ್ಟ್ರೀಯ ರೋಗ ವರ್ಗೀಕರಣ. ಇದರ ಹತ್ತನೆಯ ಪರಿಷ್ಕರಣಕ್ಕೆ 1990ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು 2022ರ ಜನವರಿಯಿಂದ ಜಾರಿಗೆ ಬಂದಿತು. ಸಾಯುವವರನ್ನು ಎಣಿಸಲು ಹುಟ್ಟಿದ ಪಟ್ಟಿ ಬದುಕುವವರ ನೋವನ್ನೂ ಎಣಿಸುವಂತಾಯಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಚೀಟಿಯಲ್ಲಿಯೂ ಆ ಹೆಸರು ಬರಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಹೆಂಗಸರ ಮೈಯಲ್ಲಿ ಹೆಚ್ಚು ಕೂದಲು ಬೆಳೆಯುವುದಕ್ಕೆ ವೈದ್ಯರು ಎರಡು ಬೇರೆ ಬೇರೆ ಹೆಸರುಗಳನ್ನು ಕೊಟ್ಟಿದ್ದಾರೆ. ಗಂಡಸರಿಗೆ ಬೆಳೆಯುವ ಜಾಗಗಳಲ್ಲಿ, ಪುರುಷ ಹಾರ್ಮೋನಿನ ಪ್ರಭಾವದಿಂದ, ನವಿರು ಕೂದಲು ಒರಟಾಗಿ ಕಪ್ಪಾಗಿ ಬೆಳೆದರೆ ಅದು ಹರ್ಸುಟಿಸಂ. ಹಾರ್ಮೋನಿನ ಹಂಗಿಲ್ಲದೆ ಮೈಯ ಯಾವುದೇ ಭಾಗದಲ್ಲಿ ಕೂದಲು ದಟ್ಟವಾದರೆ ಅದು ಹೈಪರ್‌ಟ್ರೈಕೋಸಿಸ್. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಮೂತ್ರಪಿಂಡ ಕಸಿಯಾದವರು ಸೇವಿಸುವ ಸೈಕ್ಲೋಸ್ಪೋರಿನ್, ತಲೆಗೂದಲು ಬೆಳೆಯಲೆಂದು ಹಚ್ಚುವ ಮಿನಾಕ್ಸಿಡಿಲ್ ಮುಂತಾದ ಔಷಧಗಳಿಂದ ಎರಡನೆಯದು ಬರಬಹುದು. ಹೊರನೋಟಕ್ಕೆ ಎರಡೂ ಕೂದಲೇ. ಆದರೆ ಮೊದಲನೆಯದರಲ್ಲಿ ಹಾರ್ಮೋನಿನ ಮೂಲವನ್ನು ಹುಡುಕಬೇಕು. ಎರಡನೆಯದರಲ್ಲಿ ಔಷಧದ ಸೀಸೆಯನ್ನೋ ಹುಟ್ಟನ್ನೋ ವಿಚಾರಿಸಬೇಕು. ದಾರಿಗಳೇ ಬೇರೆ.

ಹಳೆಯ ಒಂಬತ್ತನೆಯ ಪರಿಷ್ಕರಣವನ್ನು ಅಮೆರಿಕದವರು ತಮಗೆ ಬೇಕಾದಂತೆ ತಿದ್ದಿಕೊಂಡು 2015ರ ಸೆಪ್ಟೆಂಬರ್ ಕೊನೆಯವರೆಗೂ ಬಳಸಿದರು. ಅದರಲ್ಲಿ ಈ ಎರಡಕ್ಕೂ 704.1 ಎಂಬ ಒಂದೇ ಅಂಕಿಯಿತ್ತು. ಕುರಿಯನ್ನೂ ಮೇಕೆಯನ್ನೂ ಒಂದೇ ದೊಡ್ಡಿಗೆ ಹೊಡೆದ ಹಾಗೆ. ಹತ್ತನೆಯದರಲ್ಲಿ ದೊಡ್ಡಿಗಳು ಬೇರೆಯಾದವು. ಹರ್ಸುಟಿಸಂಗೆ ಎಲ್ 68.0, ಮೈಯ ಒಂದು ಭಾಗಕ್ಕೆ ಸೀಮಿತವಾದ ಹೈಪರ್‌ಟ್ರೈಕೋಸಿಸ್‌ಗೆ ಎಲ್ 68.2, ಬಗೆ ಯಾವುದೆಂದು ಹೇಳದೆ ಬಿಟ್ಟದ್ದಕ್ಕೆ ಎಲ್ 68.9, ಹುಟ್ಟಿನಿಂದಲೇ ಬಂದದ್ದಕ್ಕೆ ಬೇರೆ ಅಧ್ಯಾಯದ ಕ್ಯೂ 84.2. ಹರ್ಸುಟಿಸಂನ ಹಿಂದೆ ಅಡಗಿರುವ ಕಾಯಿಲೆಗಳಿಗೂ ಅವವುಗಳದೇ ಅಂಕಿಗಳಿವೆ. ಪಿಸಿಓಎಸ್ ಎಂದು ಪ್ರಸಿದ್ಧವಾದ ಅಂಡಾಶಯದ ತೊಂದರೆಗೆ ಇ 28.2, ಕುಷಿಂಗ್ ರೋಗಕ್ಕೆ ಇ 24, ಅಡ್ರಿನಲ್ ಗ್ರಂಥಿಯ ಹುಟ್ಟುದೋಷಗಳಿಗೆ ಇ 25. ಹರ್ಸುಟಿಸಂ ಬಂದವರಲ್ಲಿ ಬಹುಪಾಲು ಮಂದಿಗೆ ಮೂಲವಾಗಿರುವುದು ಪಿಸಿಓಎಸ್.

ಪಟ್ಟಿ ಇಷ್ಟು ಸೂಕ್ಷ್ಮವಾಗಿದ್ದರೂ ಪ್ರಯೋಜನ ದೊರೆಯುವುದು ವೈದ್ಯರ ಲೇಖನಿಯಿಂದಲೇ. ಅಂಕಿ ಹಾಕುವವನಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ವೈದ್ಯರು ಬರೆಯದ ರೋಗವನ್ನು ಅವನು ಊಹಿಸಿ ಬರೆಯಕೂಡದು. ಮುಟ್ಟು ತಪ್ಪುತ್ತಿದೆ, ಗಲ್ಲದಲ್ಲಿ ಕೂದಲಿದೆ, ಸ್ಕ್ಯಾನಿನಲ್ಲಿ ಅಂಡಾಶಯ ಹೀಗಿದೆ ಎಂದೆಲ್ಲ ಚೀಟಿಯಲ್ಲಿದ್ದರೂ "ಇದು ಪಿಸಿಓಎಸ್" ಎಂಬ ಮಾತು ವೈದ್ಯರ ಕೈಯಿಂದ ಬರದಿದ್ದರೆ ಅವನು ಇ 28.2 ಎಂದು ಹಾಕುವಂತಿಲ್ಲ. ಅಮೆರಿಕದ ನಿಯಮಗಳ ಪ್ರಕಾರ ಹೊರರೋಗಿಗಳ ಚೀಟಿಯಲ್ಲಿ "ಇರಬಹುದು", "ಶಂಕೆಯಿದೆ" ಎಂದು ಬರೆದದ್ದನ್ನೂ ರೋಗವೆಂದು ಎಣಿಸುವಂತಿಲ್ಲ. ಕಂಡ ಲಕ್ಷಣವನ್ನಷ್ಟೇ ಎಣಿಸಬೇಕು. ಈ ನಿಯಮ ನ್ಯಾಯವಾದದ್ದೇ. ಗುಮಾಸ್ತನು ವೈದ್ಯನಾಗಬಾರದು. ಆದರೆ ಇದರಿಂದ ವೈದ್ಯರ ಹೊಣೆ ಇಮ್ಮಡಿಯಾಗುತ್ತದೆ.

ಒಬ್ಬ ಹುಡುಗಿ ಆಸ್ಪತ್ರೆಗೆ ಹೋದಳೆಂದು ಇಟ್ಟುಕೊಳ್ಳೋಣ. ಒಬ್ಬ ವೈದ್ಯರು "ಮುಖದಲ್ಲಿ ಕೂದಲು, ಸೌಂದರ್ಯದ ದೂರು" ಎಂದು ಬರೆದು ಕಳಿಸುತ್ತಾರೆ. ಎರಡನೆಯವರು "ಹರ್ಸುಟಿಸಂ" ಎಂದಷ್ಟೇ ಬರೆಯುತ್ತಾರೆ. ಮೂರನೆಯವರು "ಹರ್ಸುಟಿಸಂ, ಎರಡು ವರ್ಷದಿಂದ ನಿಧಾನವಾಗಿ ಹೆಚ್ಚುತ್ತಿದೆ, ಮುಟ್ಟು ಮೂರು ತಿಂಗಳಿಗೊಮ್ಮೆ, ಧ್ವನಿ ಬದಲಾಗಿಲ್ಲ, ಔಷಧ ಸೇವನೆಯಿಲ್ಲ, ಅಂಕ 14, ಪಿಸಿಓಎಸ್‌ನಿಂದ ಉಂಟಾದದ್ದು" ಎಂದು ಬರೆಯುತ್ತಾರೆ. ಹುಡುಗಿ ಒಬ್ಬಳೇ, ಕೂದಲೂ ಅದೇ. ಆದರೆ ಮೊದಲನೆಯ ಚೀಟಿ ಅವಳನ್ನು ಬ್ಯೂಟಿ ಪಾರ್ಲರಿಗೆ ಕಳಿಸುತ್ತದೆ. ಎರಡನೆಯದು ಅವಳನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಮೂರನೆಯದು ಚಿಕಿತ್ಸೆಗೆ ಒಯ್ಯುತ್ತದೆ. ಎರಡು ವರ್ಷದಿಂದ ನಿಧಾನವಾಗಿ ಎಂಬುದಕ್ಕೆ ಬದಲಾಗಿ ಎರಡು ತಿಂಗಳಲ್ಲಿ ಬೆಳೆಯಿತು, ಧ್ವನಿಯೂ ಗಡುಸಾಯಿತು ಎಂದಿದ್ದರೆ ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗೆಡ್ಡೆಯಿರಬಹುದೆಂದು ಕೂಡಲೇ ಪರೀಕ್ಷಿಸಬೇಕಾಗುತ್ತದೆ. ಎಷ್ಟು ಕಾಲದಿಂದ ಎಂಬ ಸಣ್ಣ ಮಾತನ್ನು ಬರೆಯದೆ ಬಿಟ್ಟರೆ ಕಳೆದುಹೋಗುವುದು ಪ್ರಾಣವೂ ಆಗಬಹುದು.

ಮೂರನೆಯ ಚೀಟಿಯಲ್ಲಿ ಅಂಕವೊಂದನ್ನು ಹೇಳಿದೆನಷ್ಟೆ. ಅದೇನೆಂಬುದನ್ನು ವಿವರಿಸಬೇಕು. 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬಿಬ್ಬರು ಕೂದಲಿನ ಬೆಳವಣಿಗೆಯನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಅವರು ಮೈಯ 11 ಭಾಗಗಳನ್ನು ಆರಿಸಿಕೊಂಡಿದ್ದರು. ಈಗ 9 ಭಾಗಗಳನ್ನು ನೋಡುತ್ತಾರೆ. ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ, ಒಟ್ಟು 36. ಸಾಮಾನ್ಯವಾಗಿ 8 ಮತ್ತು ಅದಕ್ಕೆ ಮೇಲ್ಪಟ್ಟರೆ ಹರ್ಸುಟಿಸಂ ಎನ್ನುತ್ತಾರೆ. ಜನಾಂಗದಿಂದ ಜನಾಂಗಕ್ಕೆ ಈ ಗೆರೆ ಬದಲಾಗುತ್ತದೆ. ನಮ್ಮ ಉತ್ತರ ಪತ್ರಿಕೆಗಳಿಗೆ ಅಂಕ ಹಾಕುವಾಗ ಅಧ್ಯಾಪಕರಲ್ಲಿ ಭಿನ್ನಾಭಿಪ್ರಾಯವಿರುವಂತೆ ಇಲ್ಲಿಯೂ ಉಂಟು. ಆದರೂ ಅಂಕವೊಂದು ದಾಖಲೆಯಲ್ಲಿದ್ದರೆ ಆರು ತಿಂಗಳ ಚಿಕಿತ್ಸೆಯ ಮೇಲೆ ಗುಣವಾಯಿತೋ ಇಲ್ಲವೋ ಎಂಬುದನ್ನು ಹೋಲಿಸಿ ನೋಡಬಹುದು. "ತುಂಬಾ ಕೂದಲು" ಎಂಬ ಮಾತನ್ನು ಯಾವುದಕ್ಕೆ ಹೋಲಿಸುವುದು?

ಇನ್ನು ಹಣದ ಮಾತು. ಅಮೆರಿಕದಲ್ಲಿ ಕಾಯಿಲೆಗೊಂದು ಅಂಕಿಯಿರುವಂತೆ ಚಿಕಿತ್ಸೆಗೂ ಬೇರೆ ಅಂಕಿಯಿದೆ. ವಿದ್ಯುತ್ತಿನಿಂದ ಕೂದಲಿನ ಬುಡವನ್ನು ಸುಡುವ ಚಿಕಿತ್ಸೆಗೆ, ಪ್ರತಿ 30 ನಿಮಿಷಕ್ಕೆ, 17380 ಎಂಬುದು ಅಲ್ಲಿಯ ಅಂಕಿ. ಅಂಕಿಯಿದ್ದರೂ ವಿಮಾ ಕಂಪನಿಗಳು ಸಾಮಾನ್ಯವಾಗಿ ಇದು ಸೌಂದರ್ಯದ ಕೆಲಸವೆಂದು ಹಣ ಕೊಡಲು ನಿರಾಕರಿಸುತ್ತವೆ. ನಮ್ಮ ದೇಶದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಆರೋಗ್ಯ ವಿಮೆಗೆ ಒಳಪಡದ ಸಂಗತಿಗಳನ್ನು ಏಕರೂಪಗೊಳಿಸಿತು. ಅದರಲ್ಲಿ 8ನೆಯ ಸಂಕೇತದ ಕೆಳಗೆ ಬರುವುದು ಸೌಂದರ್ಯ ಶಸ್ತ್ರಚಿಕಿತ್ಸೆ ಮತ್ತು ರೂಪವನ್ನು ಬದಲಿಸುವ ಚಿಕಿತ್ಸೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ತರುವಾಯದ ಚಿಕಿತ್ಸೆಗೆ ಅಲ್ಲಿ ವಿನಾಯಿತಿಯುಂಟು. ಆರೋಗ್ಯಕ್ಕೆ ನೇರವಾದ ತಕ್ಷಣದ ಅಪಾಯವನ್ನು ನಿವಾರಿಸುವುದಕ್ಕೂ ಉಂಟು. ಅದಕ್ಕೆ ಚಿಕಿತ್ಸೆ ಮಾಡುವ ವೈದ್ಯರೇ ಪ್ರಮಾಣೀಕರಿಸಬೇಕು. ಮುಖದ ಕೂದಲನ್ನು ತೆಗೆಯುವುದು ಈ ವಿನಾಯಿತಿಯೊಳಗೆ ಬರುವುದು ಕಷ್ಟ, ಒಪ್ಪೋಣ. ಆದರೆ ಕೂದಲಿನ ಮೂಲವನ್ನು ಹುಡುಕುವ ರಕ್ತಪರೀಕ್ಷೆ, ಸ್ಕ್ಯಾನು, ಹಾರ್ಮೋನು ಚಿಕಿತ್ಸೆಗಳು ರೂಪ ಬದಲಿಸುವ ಕೆಲಸಗಳಲ್ಲ. "ಸೌಂದರ್ಯ" ಎಂಬ ಒಂದೇ ಶಬ್ದವನ್ನು ಚೀಟಿಯ ತಲೆಯ ಮೇಲೆ ಬರೆದುಬಿಟ್ಟರೆ ಇವೆಲ್ಲಕ್ಕೂ ಅದೇ ಬಣ್ಣ ಬಳಿದಂತಾಗುತ್ತದೆ.

ಹೆಸರಿಡುವುದರಲ್ಲಿ ಎಷ್ಟು ಕ್ರೌರ್ಯ ಅಡಗಿರಬಹುದೆಂಬುದಕ್ಕೆ ಜೂಲಿಯಾ ಪಸ್ತ್ರಾನಳ ಕಥೆ ಸಾಕ್ಷಿ. ಮೆಕ್ಸಿಕೋ ದೇಶದ ಸಿನಲೋವಾ ಪ್ರಾಂತದಲ್ಲಿ 1834ರಲ್ಲಿ ಹುಟ್ಟಿದ ಈಕೆಗೆ ಹುಟ್ಟಿನಿಂದಲೇ ಹೈಪರ್‌ಟ್ರೈಕೋಸಿಸ್ ಇತ್ತು. ಮುಖ ಮೈಯೆಲ್ಲ ಕೂದಲು. ಆಕೆ ಹಾಡುತ್ತಿದ್ದಳು, ನರ್ತಿಸುತ್ತಿದ್ದಳು, ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಆಡುತ್ತಿದ್ದಳು. ಆದರೂ ಅಮೆರಿಕದಲ್ಲಿ ಆಕೆಯನ್ನು ಮನುಷ್ಯನಿಗೂ ವಾನರನಿಗೂ ಹುಟ್ಟಿದವಳೆಂದು ತೋರಿಸಿ ಹಣ ಮಾಡಿದರು. ಹಾಗೆಂದು ಬರೆದುಕೊಡುವ ವೈದ್ಯನೂ ದೊರೆತನು. 1860ರಲ್ಲಿ ಮಾಸ್ಕೋ ನಗರದಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ಗಂಡನು ಆಕೆಯ ಮತ್ತು ಕೂಸಿನ ದೇಹಗಳನ್ನು ಕೆಡದಂತೆ ಮಾಡಿಸಿ ಅವುಗಳನ್ನೂ ಪ್ರದರ್ಶನಕ್ಕಿಟ್ಟನು. ಆಕೆಯ ದೇಹ ತವರಿನ ಮಣ್ಣು ಸೇರಿದ್ದು 2013ರ ಫೆಬ್ರವರಿಯಲ್ಲಿ, ಸತ್ತು 153 ವರ್ಷಗಳ ಮೇಲೆ. ಆ ದಿನ ಆ ವೈದ್ಯನು ಬರೆದ ಸುಳ್ಳಿನ ಜಾಗದಲ್ಲಿ ಸರಿಯಾದ ಒಂದು ಹೆಸರಿದ್ದಿದ್ದರೆ ಟಿಕೇಟು ಮಾರುವವರ ಕೆಲಸ ಅಷ್ಟು ಸುಲಭವಾಗುತ್ತಿರಲಿಲ್ಲ.

ಸರಿಯಾಗಿ ನೋಡಿ ಬರೆದವರೂ ಇದ್ದಾರೆ. 1921ರಲ್ಲಿ ಫ್ರಾನ್ಸಿನ ಆಷಾರ್ ಮತ್ತು ತಿಯೇರ್ ಎಂಬ ವೈದ್ಯರು ಗಡ್ಡ ಬೆಳೆದ ಹೆಂಗಸರ ಸಕ್ಕರೆ ಕಾಯಿಲೆಯನ್ನು ಕುರಿತು ಬರೆದರು. 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಹೆಂಗಸರ ವೃತ್ತಾಂತವನ್ನು ಪ್ರಕಟಿಸಿ ಮುಟ್ಟಿನ ಏರುಪೇರು, ಕೂದಲು, ಅಂಡಾಶಯ ಇವುಗಳ ಸಂಬಂಧವನ್ನು ತೋರಿಸಿದರು. ಪಿಸಿಓಎಸ್ ಇರುವವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚೆಂಬುದು ಇಂದು ಎಲ್ಲರೂ ಒಪ್ಪಿದ ಮಾತು. ಎಂದರೆ ಗಲ್ಲದ ಮೇಲಿನ ನಾಲ್ಕು ಕೂದಲು ಇಪ್ಪತ್ತರ ಹುಡುಗಿಗೆ ನಲವತ್ತರ ಕಾಯಿಲೆಯ ಮುನ್ಸೂಚನೆಯನ್ನು ಕೊಡುತ್ತಿರಬಹುದು. ಅದನ್ನು ದಾರದಿಂದ ಕಿತ್ತು ಎಸೆದು, ಚೀಟಿಯಲ್ಲಿ ಬರೆಯದೆ ಬಿಡುವುದು ಮನೆಗೆ ಬಂದ ತಂತಿಯನ್ನು ಓದದೆ ಹರಿದಂತೆ.

ನನ್ನ ಮಾತಿಗೆ ಎದುರಾಗಿ ಹೇಳಬಹುದಾದದ್ದೂ ಇದೆ. ಅದನ್ನು ಮರೆಮಾಡುವುದು ಸರಿಯಲ್ಲ. ಮೊದಲನೆಯದು: ಸಹಜವಾದ ಕೂದಲನ್ನೂ ಕಾಯಿಲೆಯೆಂದು ಬರೆದರೆ ಆರೋಗ್ಯವಂತರನ್ನೆಲ್ಲ ರೋಗಿಗಳನ್ನಾಗಿ ಮಾಡಿದಂತಾಗದೆ? ಈ ಆಕ್ಷೇಪಣೆ ಸರಿಯಾದದ್ದೇ. ಕೆಲವು ಮನೆತನಗಳಲ್ಲಿ ಎಲ್ಲ ಹೆಂಗಸರಿಗೂ ಕೂದಲು ಸ್ವಲ್ಪ ಹೆಚ್ಚು; ಮುಟ್ಟು ಸರಿಯಾಗಿದೆ, ರಕ್ತದಲ್ಲಿ ದೋಷವಿಲ್ಲ. ಅಂಥವರಿಗೆ "ಪರೀಕ್ಷಿಸಿದೆ, ದೋಷವಿಲ್ಲ" ಎಂದು ಬರೆಯುವುದೂ ದಾಖಲೆಯೇ. ಆ ಒಂದು ಸಾಲು ಎಷ್ಟು ಮಂದಿಯ ನಿದ್ದೆಯನ್ನು ಉಳಿಸೀತು! ತನ್ನ ಕೂದಲಿನಿಂದ ತನಗೇನೂ ತೊಂದರೆಯಿಲ್ಲವೆನ್ನುವ ಹೆಂಗಸಿಗೆ ಅದನ್ನು ತೆಗೆಸಿಕೊ ಎನ್ನುವ ಹಕ್ಕು ಯಾರಿಗೂ ಇಲ್ಲ. ಬ್ರಿಟನ್ನಿನ ಹರ್ನಾಮ್ ಕೌರ್ ಎಂಬಾಕೆ ಪಿಸಿಓಎಸ್‌ನಿಂದ ಬಂದ ಗಡ್ಡವನ್ನು ಹಾಗೆಯೇ ಬಿಟ್ಟು ತಲೆಯೆತ್ತಿ ನಡೆಯುತ್ತಿರುವುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಎರಡನೆಯದು: ಬರೆದಿಟ್ಟದ್ದು ನಾಳೆ ಯಾರ ಕೈಗೆ ಹೋದೀತೋ! ನಮ್ಮ ಸಮಾಜದಲ್ಲಿ ಈ ಭಯಕ್ಕೆ ಆಧಾರವಿದೆ. ಮುಟ್ಟಿನ ದೋಷವೆಂದು ಚೀಟಿಯಲ್ಲಿದ್ದರೆ ಮದುವೆಯ ಮಾತು ಮುರಿದೀತೆಂದು ಹೆದರಿ "ಬರೆಯಬೇಡಿ ಡಾಕ್ಟರೇ" ಎನ್ನುವ ತಾಯಂದಿರಿದ್ದಾರೆ. ಅವರನ್ನು ಹಳಿಯಲಾರೆ. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾದ ಮೇಲೆ 14 ಅಂಕಿಗಳ ಆರೋಗ್ಯ ಸಂಖ್ಯೆಯೊಂದಿಗೆ ದಾಖಲೆಗಳನ್ನು ಜೋಡಿಸುವ ಏರ್ಪಾಟಾಗಿದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಕಾನೂನೂ ಆಗಿದೆ. ಕಾಗದದ ಚೀಟಿ ಪೆಟ್ಟಿಗೆಯ ತಳದಲ್ಲಿ ಉಳಿಯುತ್ತಿತ್ತು, ಇದು ಉಳಿಯದು. ಆದರೆ ಕಳ್ಳರ ಭಯಕ್ಕೆ ಬೀಗ ಹಾಕಬೇಕೇ ಹೊರತು ಮನೆಯಲ್ಲಿ ಅಡಿಗೆ ಮಾಡುವುದನ್ನು ನಿಲ್ಲಿಸಬಾರದು. ಗುಟ್ಟನ್ನು ಕಾಯುವುದು ಆಸ್ಪತ್ರೆಯ ಕರ್ತವ್ಯ. ಸತ್ಯವನ್ನು ಬರೆಯುವುದೂ ಅದೇ ಆಸ್ಪತ್ರೆಯ ಕರ್ತವ್ಯ. ಒಂದನ್ನು ಮಾಡಲಾರೆನೆಂದು ಇನ್ನೊಂದನ್ನು ಬಿಡುವಂತಿಲ್ಲ.

ಮೂರನೆಯದು ಇದಕ್ಕೆ ತಿರುಗುಮುರುಗು. ವಿಮೆಯ ಹಣ ಬರಲೆಂದು ಇಲ್ಲದ ಕಾಯಿಲೆಯನ್ನು ಬರೆದುಕೊಡಿ ಎನ್ನುವವರೂ ಉಂಟು. ಇದು ಅನ್ಯಾಯ. ಇದ್ದದ್ದನ್ನು ಬಿಡುವುದು ಎಷ್ಟು ತಪ್ಪೋ ಇಲ್ಲದ್ದನ್ನು ಸೇರಿಸುವುದೂ ಅಷ್ಟೇ ತಪ್ಪು. ಆ ಸುಳ್ಳು ಅಂಕಿ ಜೀವಮಾನವಿಡೀ ಆ ಹೆಣ್ಣಿನ ಬೆನ್ನು ಬಿಡುವುದಿಲ್ಲ. ದೇಶದ ಲೆಕ್ಕವನ್ನೂ ಕೆಡಿಸುತ್ತದೆ.

ಮಿತ್ರರೇ, 2024ರಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಮೊದಲಿಗಳಾದ ಬಾಲಕಿಯ ಭಾವಚಿತ್ರ ಪ್ರಕಟವಾದಾಗ ಅವಳ ಅಂಕಗಳನ್ನು ಬಿಟ್ಟು ಮೇಲ್ದುಟಿಯ ಕೂದಲನ್ನು ನೋಡಿ ನಕ್ಕವರು ಸಾವಿರಾರು ಮಂದಿ. ನಕ್ಕವರು ಅನಕ್ಷರಸ್ಥರಲ್ಲ, ಬೆರಳ ತುದಿಯಲ್ಲಿ ಅಕ್ಷರ ಬಲ್ಲವರು. ನಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಇಂಥದೇ ನಗೆಯನ್ನು ನಗುವವರು ಇಲ್ಲವೆಂದು ಎದೆ ಮುಟ್ಟಿ ಹೇಳಲು ಸಾಧ್ಯವೇ? ಆ ನಗೆಗೆ ಹೆದರಿಯೇ ಹುಡುಗಿಯರು ವೈದ್ಯರ ಬಳಿಗೆ ಹೋಗದೆ ದಾರ, ಬ್ಲೇಡು, ಬ್ಲೀಚುಗಳ ಮೊರೆಹೋಗುತ್ತಾರೆ. ಹೋಗದವರ ಚೀಟಿಯಿಲ್ಲ, ಚೀಟಿಯಿಲ್ಲದವರ ಅಂಕಿಯಿಲ್ಲ, ಅಂಕಿಯಿಲ್ಲದ ಕಾಯಿಲೆಗೆ ಸರಕಾರದ ಲೆಕ್ಕದಲ್ಲಿ ಹಣವೂ ಇಲ್ಲ.

ಇದಕ್ಕೆ ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ವೈದ್ಯರ ಬಳಿಗೆ ಹೋದಾಗ ಎಷ್ಟು ಕಾಲದಿಂದ, ಎಲ್ಲೆಲ್ಲಿ, ಮುಟ್ಟು ಹೇಗಿದೆ, ಯಾವ ಔಷಧ ಸೇವಿಸುತ್ತಿದ್ದೇನೆ, ಮನೆಯಲ್ಲಿ ಇನ್ನಾರಿಗಿದೆ ಎಂಬ ಐದು ಸಂಗತಿಗಳನ್ನು ನಾವೇ ಹೇಳೋಣ, "ಚೀಟಿಯಲ್ಲಿ ಏನೆಂದು ಬರೆದಿರಿ?" ಎಂದು ವಿನಯದಿಂದ ಕೇಳೋಣ. ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಗೆ ಅಂಕಿ ಹಾಕುವ ಮೆಡಿಕಲ್ ಕೋಡಿಂಗ್ ಕಚೇರಿಗಳಿವೆ. ಪದವಿ ಮುಗಿಸಿದ ಮೇಲೆ ನಮ್ಮಲ್ಲಿ ಕೆಲವರು ಅಲ್ಲಿಯೂ ಕೂತಾರು. ಅಂಥವರು ಎಲ್ 68.9 ಎಂದು ಬೆರಳೊತ್ತುವ ಮೊದಲು ವೈದ್ಯರಿಗೆ ಒಂದು ಪ್ರಶ್ನೆ ಕಳಿಸಲಿ. ಹಾಗೆ ಸ್ಪಷ್ಟೀಕರಣ ಕೇಳುವ ಪದ್ಧತಿ ಆ ವೃತ್ತಿಯಲ್ಲಿಯೇ ಇದೆ. ಅಂಕಿಯ ಆ ತುದಿಯಲ್ಲಿ ನಮ್ಮ ಅಕ್ಕತಂಗಿಯರಂಥ ಒಬ್ಬಳಿದ್ದಾಳೆಂಬುದು ನೆನಪಿರಲಿ.

ನಗುವವರು ನಗುವುದನ್ನು ಬಿಡಲಿ, ಬರೆಯುವವರು ಸರಿಯಾಗಿ ಬರೆಯಲಿ, ಕೇಳಬೇಕಾದವರು ಕೇಳಲು ಕಲಿಯಲಿ. ಇಷ್ಟನ್ನು ಈ ಸಂಚಿಕೆಯ ಓದುಗರಲ್ಲಿ ಹತ್ತು ಮಂದಿ ಒಪ್ಪಿ ನಡೆದರೂ ಲೇಖನ ಸಾರ್ಥಕವಾಯಿತೆಂದು ತಿಳಿಯುತ್ತೇನೆ.